ಎರವಲು ಕಂಠದಲ್ಲಿ ವಚನವೇಕೆ?



ಕೆಲವು ತಿಂಗಳ ಹಿಂದೆ ನಾವು ಹತ್ತಾರು ಮಂದಿ ಭಕ್ತರು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗಿದ್ದೆವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನೆಲವದು. ವೀರಸೌಧವನ್ನು ನೋಡಿ, ನಾಗರಕಲ್ಲುಗಳ ಸಾಲನ್ನು ದಾಟಿ ನೆರಳಿನಲ್ಲಿ ಕುಳಿತಿದ್ದಾಗ, ನಮ್ಮೊಡನೆ ಬಂದಿದ್ದ ಇಂಜಿನಿಯರಿಂಗ್ ಓದುವ ತರುಣನೊಬ್ಬನು ಗಿಟಾರನ್ನು ತೆಗೆದು, ಅಕ್ಕಮಹಾದೇವಿಯವರ ಕನಸಿನ ವಚನವನ್ನು ಹಾಡಿದನು. ಮುಗಿಯುವ ಮುನ್ನವೇ ಹಿರಿಯರೊಬ್ಬರು, "ವಚನಕ್ಕೆ ಈ ಗಿಟಾರು ಏಕಪ್ಪಾ? ಹಾರ್ಮೋನಿಯಂ ಇರಲಿಲ್ಲವೇ?" ಎಂದರು. ಹುಡುಗನು ನಾಚಿ ವಾದ್ಯವನ್ನು ಚೀಲದೊಳಗಿಟ್ಟನು.

ನನಗೂ ಆ ಹಾಡಿಕೆ ಹಿಡಿಸಲಿಲ್ಲ. ಆದರೆ ಕಾರಣ ಬೇರೆಯಾಗಿತ್ತು.

ಮೊದಲು ವಾದ್ಯದ ಮಾತು. ನಮ್ಮ ಭಜನೆಗಳಲ್ಲಿ ಈಗ ಮನೆಮಗಳಂತೆ ಕುಳಿತಿರುವ ಹಾರ್ಮೋನಿಯಂ ಯುರೋಪಿನಿಂದ ಬಂದುದು. ಅದು ನಮ್ಮ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಪಿಟೀಲು ಕೂಡ ಹಡಗಿನಲ್ಲಿ ಬಂದ ವಾದ್ಯವೇ. ಅದಿಲ್ಲದ ಕರ್ನಾಟಕ ಸಂಗೀತ ಕಚೇರಿಯನ್ನು ಇಂದು ಊಹಿಸಲಾರೆವು. ಬಸವಣ್ಣನವರಂತೂ ತಮ್ಮ ದೇಹವನ್ನೇ ವಾದ್ಯದ ದಂಡವಾಗಿಸಿ, ತಲೆಯನ್ನು ಸೋರೆಬುರುಡೆಯಾಗಿಸಿ, ನರಗಳನ್ನು ತಂತಿಯಾಗಿಸಿ, ಎದೆಗೊತ್ತಿಕೊಂಡು ನುಡಿಸೆಂದು ಸಂಗಮನಾಥನನ್ನು ಬೇಡಿಕೊಂಡವರು. ಎದೆಗೊತ್ತಿ ನುಡಿಸುವ ತಂತಿವಾದ್ಯವೊಂದು ಅವರ ವಚನಕ್ಕೆ ಮೈಲಿಗೆಯಾದೀತೆಂದು ನನಗೆ ತೋರುವುದಿಲ್ಲ.

ನನ್ನ ಆಕ್ಷೇಪವಿದ್ದುದು ಕಂಠದ ವಿಷಯದಲ್ಲಿ. ಆ ಹುಡುಗನು ಹಾಡಿದ್ದು ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣವನ್ನು. ಎಲ್ಲಿ ಅವರು ಉಸಿರು ತೆಗೆದುಕೊಂಡರೋ ಅಲ್ಲಿಯೇ ಇವನೂ ತೆಗೆದುಕೊಂಡನು. ಎಲ್ಲಿ ಅವರ ದನಿ ತುಸು ಕಂಪಿಸಿತೋ ಅಲ್ಲಿಯೇ ಇವನೂ ಕಂಪಿಸಿದನು. ಮನ್ಸೂರರು (1910–1992) ನೀಲಕಂಠ ಬುವಾ ಅವರಲ್ಲಿಯೂ ಬಳಿಕ ಜೈಪುರ-ಅತ್ರೌಲಿ ಘರಾಣೆಯ ಮಂಜಿಖಾನ್, ಬುರ್ಜಿಖಾನ್ ಅವರಲ್ಲಿಯೂ ವರ್ಷಗಟ್ಟಲೆ ಕಲಿತು, ಆ ವಿದ್ಯೆಯನ್ನೆಲ್ಲ ಜೀರ್ಣಿಸಿಕೊಂಡು ವಚನಕ್ಕೆ ಕೈಹಾಕಿದವರು. ಆ ಕಂಪನ ಅವರ ಬದುಕಿನಿಂದ ಬಂದುದು. ಇಪ್ಪತ್ತರ ಹುಡುಗನಿಗೆ ಅದು ಎರವಲು ಅಂಗಿ. ಕಲಿಯುವಾಗ ಅನುಕರಣೆ ಬೇಕು, ಬೇಡವೆನ್ನುವುದಿಲ್ಲ. ಗುರುಮುಖದ ಪಾಠವೂ ಹಾಗೆಯೇ ಆರಂಭವಾಗುತ್ತದೆ. ಅಲ್ಲಿಯೇ ನಿಂತುಬಿಟ್ಟರೆ ವಚನವೂ ತನ್ನದಾಗುವುದಿಲ್ಲ, ಹಾಡೂ ತನ್ನದಾಗುವುದಿಲ್ಲ.

ಹಾಗಾದರೆ ತನ್ನದಾಗಿಸಿಕೊಳ್ಳುವುದು ಹೇಗೆ? ಹಿಂದಿರುಗುವ ದಾರಿಯಲ್ಲಿ ಹುಡುಗನು ಇದನ್ನೇ ಕೇಳಿದನು. ಗಿಟಾರನ್ನು ಕೆಳಗಿಟ್ಟು ಮೊದಲು ವಚನವನ್ನು ಗಟ್ಟಿಯಾಗಿ ಓದೆಂದೆನು. ವಚನಕ್ಕೆ ಗೊತ್ತಾದ ಛಂದಸ್ಸಿಲ್ಲ. ಒಂದು ಸಾಲು ಚಿಕ್ಕದು, ಇನ್ನೊಂದು ಉದ್ದ. ನಾಲ್ಕು ಮಾತ್ರೆಯ ಪೆಟ್ಟನ್ನು ಬಿಡದೆ ತಂತಿಯ ಮೇಲೆ ಹೊಡೆಯುತ್ತ ಹೋದರೆ ಪದಗಳು ನಡುವೆ ಮುರಿದು ಬೀಳುತ್ತವೆ. ಅರ್ಥವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಕೈಯೂ ನಿಲ್ಲಬೇಕು. ಗಿಟಾರು ಬಲ್ಲ ಮತ್ತೊಬ್ಬರು ಉಪಯುಕ್ತವಾದ ಮಾತೊಂದನ್ನು ಸೇರಿಸಿದರು: ಅತಿ ದಪ್ಪನೆಯ ತಂತಿಯನ್ನು ಒಂದು ಸ್ವರ ಇಳಿಸಿದರೆ ಕೆಳಗಿನ ಮೂರು ತಂತಿಗಳು ಷಡ್ಜ, ಪಂಚಮ, ಷಡ್ಜವಾಗಿ ತಂಬೂರಿಯಂತೆ ನುಡಿಯುತ್ತವೆ, ಕಾರ್ಡ್‌ಗಳನ್ನು ಗಳಿಗೆಗೊಮ್ಮೆ ಬದಲಿಸಿ ರಾಗದಲ್ಲಿಲ್ಲದ ಸ್ವರವನ್ನು ಎಳೆತರುವ ಅಗತ್ಯವಿಲ್ಲ. ಶ್ರುತಿಯನ್ನು ಏರಿಸಬೇಕಾದರೆ ಕೇಪೋ ಇದೆ. ಮನ್ಸೂರರ ಶ್ರುತಿಗೆ ತನ್ನ ಗಂಟಲನ್ನು ಹಿಂಸಿಸುವುದೇಕೆ?

ಇನ್ನು ನನ್ನ ಮುಖ್ಯವಾದ ತಕರಾರು. ನಮ್ಮ ಸುಗಮ ಸಂಗೀತದಲ್ಲಿ ವಚನದ ಮೊದಲ ಸಾಲನ್ನು ಪಲ್ಲವಿಯಾಗಿಸಿ, ಪ್ರತಿ ಭಾಗದ ಬಳಿಕ ಅದಕ್ಕೆ ಮರಳುವುದು ರೂಢಿಯಾಗಿದೆ. ಕೇಳಲು ಇಂಪು. ಆದರೆ ಅಕ್ಕನ ವಚನವನ್ನೇ ನೋಡಿ. ಅಕ್ಕ ತನ್ನ ಸಖಿಗೆ ಕನಸನ್ನು ಹೇಳುತ್ತಾಳೆ: ಅಕ್ಕಿ, ಅಡಕೆ, ತೆಂಗಿನಕಾಯಿ ಕಂಡವು, ಜಡೆಯುಳ್ಳ ಸುಂದರ ಜಂಗಮನೊಬ್ಬ ಮನೆಗೆ ಭಿಕ್ಷಕ್ಕೆ ಬಂದ, ಮೀರಿ ಹೋಗುತ್ತಿದ್ದವನನ್ನು ಬೆಂಬತ್ತಿ ಕೈಹಿಡಿದಳು, ಚೆನ್ನಮಲ್ಲಿಕಾರ್ಜುನನನ್ನು ಕಂಡೊಡನೆ ಎಚ್ಚರವಾಯಿತು. ಎಚ್ಚರವಾದ ಮೇಲೆ ಮತ್ತೆ ಮೊದಲ ಸಾಲಿಗೆ ಮರಳಿದರೆ ಅಕ್ಕನನ್ನು ಪುನಃ ಮಲಗಿಸಿದಂತಾಗಲಿಲ್ಲವೇ? ವಚನದ ಅರ್ಥವು ಅಂಕಿತದತ್ತ ಏರುತ್ತ ಹೋಗುತ್ತದೆ. ಅಂಕಿತದಲ್ಲಿ ನಿಲ್ಲುವ ಧೈರ್ಯ ಹಾಡುವವನಿಗಿರಬೇಕು. ದೊಡ್ಡ ಗಾಯಕರೂ ಮರಳುತ್ತಾರಲ್ಲ ಎಂದು ನೀವು ಕೇಳಬಹುದು. ಮರಳುತ್ತಾರೆ, ರಾಗವಿಸ್ತಾರಕ್ಕೆ ಅವರಿಗೆ ಅದು ಬೇಕಾಗುತ್ತದೆ. ಒಂಟಿ ಗಿಟಾರಿನೊಡನೆ ಹಾಡುವವನಿಗೆ ಆ ಹಂಗಿಲ್ಲ. ಅವನ ಬಡತನವೇ ಅವನ ಅನುಕೂಲ.

ತತ್ವಪದಗಳಲ್ಲಿ ಈ ಬದಲಾವಣೆ ಆಗಲೇ ನಡೆದಿದೆ. ಶಿಶುನಾಳ ಶರೀಫ ಸಾಹೇಬರ (1819–1889) ಪದಗಳನ್ನು ಸಿ. ಅಶ್ವಥ್ ಅವರು ಮನೆಮನೆಗೆ ಮುಟ್ಟಿಸಿದರು. 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರದ ಸಂಗೀತವೂ ಅವರದೇ. ಆ ಬಳಿಕ ಅನೇಕರು ಅಶ್ವಥ್ ಅವರ ಏರುದನಿಯನ್ನೇ ಅನುಕರಿಸತೊಡಗಿದರು. ಮೈಸೂರಿನ ರಘು ದೀಕ್ಷಿತ್ ಅವರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದವನ್ನು ಗಿಟಾರು ಹಿಡಿದು ಬೇರೆಯೇ ನಡೆಯಲ್ಲಿ ಹಾಡಿದರು. ಆ ಅಬ್ಬರ ನನಗೆ ಮೊದಲು ರುಚಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಶರೀಫರ ಹೆಸರನ್ನೇ ಕೇಳದಿದ್ದ ಮಕ್ಕಳು ಆ ಪದವನ್ನು ಗುನುಗುವುದನ್ನು ಕಂಡು ಸುಮ್ಮನಾದೆ. ವಿದುರಾಶ್ವತ್ಥಕ್ಕೆ ದೂರವಲ್ಲದ, ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನಾರೇಯಣ ತಾತಯ್ಯನವರ ಪದಗಳನ್ನು ಭಜನಾ ಮಂಡಲಿಗಳು ತಮ್ಮ ತಮ್ಮ ಧಾಟಿಯಲ್ಲಿಯೇ ಹಾಡುತ್ತವೆ. ಧಾಟಿ ಬೇರೆಯಾದರೂ ಅಮರನಾರೇಯಣನೆಂಬ ಅಂಕಿತವನ್ನು ಯಾರೂ ಮುಟ್ಟುವುದಿಲ್ಲ.

ಅಲ್ಲಿಯೇ ಗೆರೆ ಇರುವುದು. ಧಾಟಿ, ಶ್ರುತಿ, ವಾದ್ಯ, ನಡೆ ಇವು ಹಾಡುವವನವು. ನುಡಿ ಮತ್ತು ಅಂಕಿತ ಶರಣರವು. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚಾದ 'ಬಸವ ವಚನ ದೀಪ್ತಿ'ಯನ್ನು ರಾಜ್ಯ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿತು; 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರ ಪುಸ್ತಕವನ್ನು ಹಿಡಿಯಬೇಕಿತ್ತೇ ಎಂಬುದು ಬೇರೆ ಚರ್ಚೆ. ಹಾಡುವವರು ಮಾತ್ರ ತಾಳಕ್ಕೆ ಹೊಂದಲಿಲ್ಲವೆಂದು ಒಂದಕ್ಷರವನ್ನೂ ನುಂಗಬಾರದು. ಹಾಗೆಯೇ ಸ್ವರ ಸಂಯೋಜನೆ ಬೇರೆಯವರದಾಗಿದ್ದರೆ ಹಾಡುವ ಮುನ್ನ ಅವರ ಹೆಸರನ್ನು ಹೇಳುವುದು ಸೌಜನ್ಯ. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಮೊನ್ನೆ ಆ ತರುಣನು ಅದೇ ಹಿರಿಯರ ಮನೆಯ ಗಣಪರ್ವದಲ್ಲಿ ಅದೇ ವಚನವನ್ನು ಹಾಡಿದನು. ದನಿ ಎರಡು ಕಡೆ ಒಡೆಯಿತು. ಕೈಹಿಡಿಯುವ ಮಾತು ಬಂದಾಗ ತಂತಿಗಳ ಮೇಲೆ ಅಂಗೈಯನ್ನಿಟ್ಟು ಸದ್ದಡಗಿಸಿದನು. ಚೆನ್ನಮಲ್ಲಿಕಾರ್ಜುನನ ಹೆಸರನ್ನು ಬರಿಯ ಕಂಠದಲ್ಲಿ ನುಡಿದು ಮುಗಿಸಿಬಿಟ್ಟನು. ಹಿರಿಯರು ಗಿಟಾರಿನ ಮಾತೆತ್ತಲಿಲ್ಲ.

"ಪಲ್ಲವಿ ಹಾಡದೆ ಏಕಪ್ಪಾ ನಿಲ್ಲಿಸಿಬಿಟ್ಟೆ?" ಎಂದು ಕೇಳಿದರು.

"ಅಕ್ಕನಿಗೆ ಎಚ್ಚರವಾಯಿತಲ್ಲ ತಾತ" ಎಂದನು.