ಸೂಟ್‌ಕೇಸ್‌ಗೆ ವಿನಾಯಿತಿ, ಪಾರ್ಸೆಲ್‌ಗೆ ಸುಂಕ: ಇದ್ಯಾವ ನ್ಯಾಯ?

ಗಲ್ಫ್‌ನಿಂದ ರಜೆಗೆ ಬರುವವರ ಸೂಟ್‌ಕೇಸ್‌ನಲ್ಲಿ ಉಮ್ಮನಿಗೆ ಬಟ್ಟೆ, ಮಕ್ಕಳಿಗೆ ಆಟಿಕೆ, ಅತ್ತರು, ಚಾಕಲೇಟು ಇದ್ದೇ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಅದಕ್ಕೆ ಯಾರೂ ಸುಂಕ ಕೇಳುವುದಿಲ್ಲ. ಆದರೆ ರಜೆ ಸಿಗದವನು ಅದೇ ಸಾಮಾನನ್ನು ಅಂಚೆಯಲ್ಲಿ ಕಳುಹಿಸಿದರೆ, ಪಾರ್ಸೆಲ್ ಬಿಡಿಸಿಕೊಳ್ಳಲು ಇಲ್ಲಿ ಉಮ್ಮ ದುಡ್ಡು ಎಣಿಸಬೇಕಾಗುತ್ತದೆ!

ಲೆಕ್ಕ ನೋಡಿ. ವಿಮಾನದಲ್ಲಿ ಬರುವ ಭಾರತೀಯರು ಸುಂಕವಿಲ್ಲದೆ ತರಬಹುದಾದ ಸಾಮಗ್ರಿಯ ಮಿತಿಯನ್ನು 2026ರಲ್ಲಿ 50,000 ರೂ.ನಿಂದ 75,000 ರೂ.ಗೆ ಏರಿಸಲಾಯಿತು. ಒಳ್ಳೆಯದೇ. ಅಂಚೆ ಮತ್ತು ಕೊರಿಯರ್‌ನಲ್ಲಿ ಬರುವ ಉಡುಗೊರೆಗೆ ಮಾತ್ರ ಅಂಥ ರಿಯಾಯಿತಿ ಇಲ್ಲ. ಹಿಂದೆ ಒಂದು ಮಿತಿಯವರೆಗೆ ಇತ್ತು. ಆನ್‌ಲೈನ್ ಕಂಪೆನಿಗಳು, ಮುಖ್ಯವಾಗಿ ಚೀನಾದವು, ಮಾರಿದ ಮಾಲನ್ನೇ 'ಗಿಫ್ಟ್' ಎಂದು ಬರೆದು ಕಳುಹಿಸತೊಡಗಿದವು. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಆ ಬಾಗಿಲನ್ನೇ ಮುಚ್ಚಿತು. ಉಳಿದದ್ದು ಜೀವರಕ್ಷಕ ಔಷಧ ಮತ್ತು ರಾಖಿ ಮಾತ್ರ. ಬೇರೆ ಉಡುಗೊರೆ ಬರಬಹುದು, ಆದರೆ ಪೂರ್ತಿ ಸುಂಕ ಕಟ್ಟಿ. ತಪ್ಪು ಮಾಡಿದ್ದು ಕಂಪೆನಿ, ದಂಡ ತೆರುತ್ತಿರುವುದು ಕುಟುಂಬ.

2026ರ ಬಜೆಟ್‌ನಲ್ಲಿ ಸ್ವಂತ ಬಳಕೆಯ ಆಮದು ವಸ್ತುಗಳ ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸಲಾಗಿದೆ. ಅಂದರೆ 10,000 ರೂ.ನ ವಸ್ತುವಿಗೆ 2,000 ರೂ. ಇದ್ದ ಮೂಲ ಸುಂಕ 1,000 ರೂ. ಆಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬೆಲೆ ಮತ್ತು ಸುಂಕ ಎರಡನ್ನೂ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುತ್ತಾರೆ.

ಇದು ಕರಾವಳಿಯವರ ಕಷ್ಟ ಮಾತ್ರ ಅಲ್ಲ. ಕಸ್ಟಮ್ಸ್ ಕೇಂದ್ರದ ವಿಷಯ. ತಮಿಳುನಾಡಿನ ಹೊಸೂರು ಕಡೆ, ಗಡಿಯ ತಳಿಯಲ್ಲಿರುವ ಕನ್ನಡ ಕುಟುಂಬಕ್ಕೂ, ಕಾಸರಗೋಡಿನವರಿಗೂ, ಮಂಗಳೂರಿನವರಿಗೂ ದರ ಒಂದೇ. ಚೆನ್ನೈ, ಕೊಚ್ಚಿ, ಬೆಂಗಳೂರಿನಂಥ ನಗರಗಳ ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್‌ನವರು ನೋಡಿದ ಮೇಲೆಯೇ ಪಾರ್ಸೆಲ್ ಊರಿನ ಅಂಚೆ ಕಚೇರಿಗೆ ಬರುತ್ತದೆ.

ಈ ನಿಯಮ ಗೊತ್ತಿಲ್ಲದವರೇ ವಂಚಕರ ಬೇಟೆ. "ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಕೂಡಲೇ ಹಣ ಹಾಕಿ" ಎಂದು ಫೋನ್ ಬಂದರೆ ನಂಬಬೇಡಿ. ಕಸ್ಟಮ್ಸ್ ಸುಂಕವನ್ನು ಯಾರದೋ ಖಾಸಗಿ ಬ್ಯಾಂಕ್ ಖಾತೆಗೆ ಕಟ್ಟುವುದಿಲ್ಲ. ಇಲಾಖೆಯ ಪತ್ರದಲ್ಲಿ 'ಡಿಐಎನ್' ಎಂಬ ಸಂಖ್ಯೆ ಇರುತ್ತದೆ, ಅದು ಅಸಲಿಯೇ ಎಂದು ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಬಹುದು. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೆ ಇದನ್ನು ಹೇಳಿಕೊಡುವುದು ಯುವಕರ ಕೆಲಸ.

ಕಳ್ಳದಾರಿ ಮುಚ್ಚಲಿ, ಬೇಡ ಅನ್ನುವವರು ಯಾರು? ಆದರೆ ಪಡೆಯುವವರ ಗುರುತಿನ ದಾಖಲೆ ನೋಡಿ, ಒಂದು ಮನೆಗೆ ವರ್ಷಕ್ಕೆ ಇಷ್ಟು ಮೊತ್ತದ ಉಡುಗೊರೆ ಎಂದು ಮಿತಿ ಹಾಕಿ ವಿನಾಯಿತಿ ಕೊಡಬಹುದಲ್ಲ? ವಿಮಾನ ಹತ್ತಿ ಬರುವವನಿಗೆ 75,000, ಬರಲಾಗದವನಿಗೆ ಸೊನ್ನೆ. ನಮ್ಮ ಸಂಸದರು ಸಂಸತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಇದು.