ರಾಣೆಬೆನ್ನೂರಿನ ಕೊನೆಯ ‘ರು’

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಅರ್ಧ ಬರೆದಿದ್ದೆಲ್ಲ ಡ್ರಾಫ್ಟಿನಲ್ಲೇ ಕೊಳೀತಾ ಬಿದ್ದಿದೆ. ಇದನ್ನಾದರೂ ಇವತ್ತು ಹಾಕಿಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಪ್ರೋಗ್ರಾಮಿಂಗ್ ವಿಷಯ, ಸ್ವಲ್ಪ ಮೆಣಸಿನಕಾಯಿ ವಿಷಯ. ಪ್ರೋಗ್ರಾಮಿಂಗ್ ಅಂದ ಕೂಡಲೆ ಓಡಿಹೋಗಬೇಡಿ, ಮೆಣಸಿನಕಾಯಿ ಬಂದೇ ಬರುತ್ತೆ :-)

ನಮ್ಮ ಸೋದರಮಾವನದು ಬ್ಯಾಡಗಿಯಲ್ಲಿ ಒಂದು ದಲಾಲಿ ಅಂಗಡಿ. ಬೆಂಗಳೂರಿನಿಂದ ರೈಲಿನಲ್ಲಿ ಹೋದರೆ ರಾಣೆಬೆನ್ನೂರು ದಾಟಿದ ಮೇಲೆ ಬ್ಯಾಡಗಿ, ಆಮೇಲೆ ಹಾವೇರಿ. ಸುಗ್ಗಿಯಲ್ಲಿ ಹೋದರೆ ಸ್ಟೇಷನ್ ಬೋರ್ಡು ನೋಡಬೇಕಾಗಿಯೇ ಇಲ್ಲ, ಸೀನು ಬಂದರೆ ಊರು ಬಂತು ಅಂತ ಅರ್ಥ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನ ಕಡೆಯಿಂದೆಲ್ಲ ರಾತ್ರಿಯಿಡೀ ಚೀಲ ಬಂದು ಬೀಳುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ನಿಮಗೆಲ್ಲ ಗೊತ್ತಿರಬಹುದು. ಅದರಲ್ಲೇ ಎರಡು ಜಾತಿ: ಗಿಡ್ಡಗೆ ದುಂಡಗಿರೋದು ಡಬ್ಬಿ, ಉದ್ದಕ್ಕೆ ಸಪೂರ ಇರೋದು ಕಡ್ಡಿ. ಸಾಮಾನ್ಯವಾಗಿ ಡಬ್ಬಿಗೆ ಹೆಚ್ಚು ರೇಟು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಲ್ಲಿ ರೇಟು ಅನ್ನೋದು ತಮಾಷೆ ವಿಷಯ ಅಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಟಿವಿಯಲ್ಲಿ ನೋಡಿರ್ತೀರಿ. ವರ್ಷವಿಡೀ ಬೆಳೆದದ್ದು ಒಂದು ದಿನದಲ್ಲಿ, ಒಂದು ಚೀಟಿಯಲ್ಲಿ ತೀರ್ಮಾನವಾಗುವ ಜಾಗ ಅದು.

ಮಾವನ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟವನು ನಾನೇ. ಮೊದಲನೆಯದು 2006ರಲ್ಲಿ, ವಿಬಿ 6ರಲ್ಲಿ. ಆಗ ನನಗೆ ಗೊತ್ತಿದ್ದುದೇ ಅದೊಂದು. ಫಾರ್ಮ್ ಮೇಲೆ ಗುಂಡಿ ಎಳೆದು ತಂದು ಹಾಕೋದು, ಅದರ ಎಡ, ಮೇಲು, ಅಗಲ, ಎತ್ತರ ನಾಲ್ಕು ಸಂಖ್ಯೆ ಬರೆಯೋದು. ಅಳತೆ ‘ಟ್ವಿಪ್’ ಅನ್ನೋ ವಿಚಿತ್ರ ಮಾನದಲ್ಲಿ, ಒಂದು ಇಂಚಿಗೆ 1440. ವಿಬಿ 6 ಒಳಗೊಳಗೆ ಯೂನಿಕೋಡಿನಲ್ಲೇ ಅಕ್ಷರ ಇಟ್ಟುಕೊಳ್ತಿತ್ತು, ಆದರೆ ಅದರ ಲೇಬಲ್ಲಿಗೆ, ಗುಂಡಿಗೆ ಕನ್ನಡ ಕೊಟ್ಟರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ಎಲ್ಲರೂ ಮಾಡಿದ್ದನ್ನೇ ಮಾಡಿದೆ, ನುಡಿಯ ಹಳೆಯ ಆಸ್ಕಿ ಫಾಂಟು ಹಾಕಿದೆ. ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರ, ಮೇಲೆ ಕನ್ನಡದ ಮುಖವಾಡ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮುಖವಾಡ ಕಳಚಿ ಬೀಳ್ತಿತ್ತು. ಆ ಕಾಲ ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಅಸಲಿ ತಮಾಷೆ ಒತ್ತಕ್ಷರದ್ದು. ಗುಂಡಿಯ ಎತ್ತರ ನಾನು ಇಂಗ್ಲಿಷ್ ನೋಡಿ ಇಟ್ಟದ್ದು. ಕನ್ನಡ ಹಾಕಿದ ಕೂಡಲೆ ಕೆಳಗಿನ ಒತ್ತು ಕತ್ತರಿಸಿಹೋಯಿತು. ‘ಒಟ್ಟು’ ಹೋಗಿ ‘ಒಟು’. ‘ಹತ್ತಿ’ ಹೋಗಿ ‘ಹತಿ’. ‘ಕಡ್ಡಿ’ ಹೋಗಿ ‘ಕಡಿ’. ಮೆಣಸಿನಕಾಯಿ ಅಂಗಡಿಯಲ್ಲಿ ಗುಂಡಿ ಮೇಲೆ ‘ಕಡಿ’ ಅಂತ ಬರೆದಿದ್ದರೆ ಯಾರು ಒತ್ತುತ್ತಾರೆ ಹೇಳಿ! ಎರಡು ದಿನ ಒದ್ದಾಡಿ, ಬೇಸತ್ತು, ಎಲ್ಲವನ್ನೂ ಇಂಗ್ಲಿಷ್ ಮಾಡಿಬಿಟ್ಟೆ. ಮಾವ ಕೇಳಿದಾಗ ಹೇಳಿದೆ, ‘ಕಂಪ್ಯೂಟರಿನಾಗ ಕನ್ನಡ ಕುಂದ್ರಂಗಿಲ್ಲ ಮಾವ’ ಅಂತ. ಹದಿನಾಲ್ಕು ವರ್ಷ ಆ ಅಂಗಡಿಯ ಬಿಲ್ಲು ಇಂಗ್ಲಿಷಿನಲ್ಲೇ ಹೋಯಿತು.

ನನ್ನ ತಕರಾರು ಈ ಮಾತಿನ ಮೇಲೇ, ಅಂದರೆ ನನ್ನ ಮೇಲೇ. ‘ಕನ್ನಡ ಕೂರಲ್ಲ’ ಅನ್ನೋದನ್ನ ನಮ್ಮ ಪ್ರೋಗ್ರಾಮರ್‌ಗಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೀನೋ. ಭಾಷೆಯದ್ದೇ ಏನೋ ಊನ ಅನ್ನೋ ಹಾಗೆ. ಅಂಗಿ ಹೊಲಿದವನು ಅಳತೆ ತೆಗೆದುಕೊಂಡದ್ದು ಬೇರೆಯವನ ಮೈಯಿಂದ, ಬೈಗುಳ ಮಾತ್ರ ಹಾಕಿಕೊಂಡವನಿಗೆ.

2020ರ ಲಾಕ್‌ಡೌನಿನಲ್ಲಿ ಊರಿನಲ್ಲೇ ಇದ್ದೆ. ಮೈಕ್ರೋಸಾಫ್ಟ್ ವಿಬಿ 6ರ ಕೈಬಿಟ್ಟು ಆಗಲೇ ಹನ್ನೆರಡು ವರ್ಷ. ಎಲ್ಲವನ್ನೂ ಕ್ಯೂಟಿಯಲ್ಲಿ ಹೊಸದಾಗಿ ಬರೆದೆ. ಇದನ್ನು ‘ಕ್ಯೂಟ್’ ಅಂತ ಕರೆಯಬೇಕಂತೆ, ನನ್ನ ಬಾಯಿಗೆ ಇನ್ನೂ ಬಂದಿಲ್ಲ. ನಾರ್ವೆಯ ಇಬ್ಬರು, ಹೋವರ್ಡ್ ನೋರ್ಡ್ ಮತ್ತು ಐರಿಕ್ ಶಾಂಬೆ-ಎಂಗ್, ಸಿ++ನಲ್ಲಿ ಕಟ್ಟಿದ ಟೂಲ್‌ಕಿಟ್ ಇದು. ಮೊದಲು ಹೊರಬಂದದ್ದು 1995ರಲ್ಲಿ. ಲಿನಕ್ಸಿನ ಕೆಡಿಇ ಡೆಸ್ಕ್‌ಟಾಪ್ 1996ರಲ್ಲಿ ಶುರುವಾದದ್ದು ಇದರ ಮೇಲೆಯೇ.

ಇದರಲ್ಲಿ ಗುಂಡಿ, ಲೇಬಲ್, ಕೋಷ್ಟಕ, ಕಿಟಕಿ ಎಲ್ಲವೂ ಒಂದೊಂದು ಆಬ್ಜೆಕ್ಟ್, ಎಲ್ಲಕ್ಕೂ ಮೂಲ ಕ್ಯೂವಿಜೆಟ್. ಗುಂಡಿಯನ್ನು ಒತ್ತಿದರೆ ಅದು ‘ನನ್ನನ್ನು ಒತ್ತಿದರು’ ಅಂತ ಒಂದು ಸಿಗ್ನಲ್ ಕೊಡುತ್ತೆ. ಕೇಳಿಸಿಕೊಳ್ಳುವವರು ಯಾರು, ಎಷ್ಟು ಜನ ಅಂತ ಅದಕ್ಕೆ ಗೊತ್ತಿರಬೇಕಿಲ್ಲ, ಮಾರುಕಟ್ಟೆಯ ಮೈಕಿನಲ್ಲಿ ಕೂಗುವವನ ಹಾಗೆ. ಇದೆಲ್ಲ ಪುಸ್ತಕದಲ್ಲಿ ಸಿಗುತ್ತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಪ್ರತಿ ವಿಜೆಟ್ಟಿಗೂ ‘ಸೈಜ್‌ಹಿಂಟ್’ ಅನ್ನೋ ಒಂದು ಫಂಕ್ಷನ್ ಇದೆ. ಪರದೆಯಲ್ಲಿ ಜಾಗ ಹಂಚುವ ಲೇಔಟ್, ಒಬ್ಬೊಬ್ಬರನ್ನೇ ‘ನಿನಗೆ ಎಷ್ಟು ಜಾಗ ಬೇಕಪ್ಪಾ?’ ಅಂತ ಕೇಳುತ್ತೆ. ಗುಂಡಿ ತನ್ನ ಮೇಲಿನ ಬರಹ ಎಷ್ಟು ಅಗಲ, ಎಷ್ಟು ಎತ್ತರ ಅಂತ ಫಾಂಟನ್ನು ಕೇಳುತ್ತೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ (ಪರ್ಷಿಯನ್ ಹೆಸರಂತೆ) ಒತ್ತು, ಅರ್ಕಾವತ್ತು ಎಲ್ಲ ಕೂಡಿಸಿ ಲೆಕ್ಕ ಕೊಡುತ್ತೆ. ‘ಸ್ತ್ರೀ’ ಅನ್ನೋ ಒಂದು ಅಕ್ಷರದ ಹಿಂದೆ ಆರು ಯೂನಿಕೋಡ್ ಸಂಕೇತ ಇರುತ್ತವೆ, ಅದನ್ನು ಒಂದೇ ರೂಪಕ್ಕೆ ತರುವ ಕೆಲಸ ಅದರದ್ದು. ಆ ಉತ್ತರ ಬಂದ ಮೇಲೆ ಗುಂಡಿ ತನ್ನ ಅಳತೆ ಹೇಳುತ್ತೆ. ನಾನು ಮಾಡಬೇಕಾದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ಇರೋದು.

ಬಾಯಿ ಮುಚ್ಚಿಕೊಂಡು ಇರಲಿಲ್ಲ ನಾನು. ಹಳೇ ಚಾಳಿ. ಕೋಷ್ಟಕದಲ್ಲಿ ‘ತಳಿ’ ಅನ್ನೋ ಕಾಲಂ ತುಂಬಾ ಜಾಗ ತಿನ್ನುತ್ತೆ ಅನ್ನಿಸಿ 70 ಪಿಕ್ಸೆಲ್ ಅಂತ ಮೊಳೆ ಹೊಡೆದುಬಿಟ್ಟೆ. ಜಾಗ ಸಾಲದೇ ಹೋದರೆ ಕ್ಯೂಟಿ ಕೊನೆಗೆ ಮೂರು ಚುಕ್ಕಿ ಹಾಕುತ್ತೆ. ‘ಬ್ಯಾಡಗಿ ಡಬ್ಬಿ’ಯೂ ‘ಬ್ಯಾಡಗಿ…’, ‘ಬ್ಯಾಡಗಿ ಕಡ್ಡಿ’ಯೂ ‘ಬ್ಯಾಡಗಿ…’. ನನ್ನ ದೊಡ್ಡ ಪರದೆಯಲ್ಲಿ ನೋಡಿ ಚೆಂದ ಕಾಣ್ತಿದೆ ಅಂತ ಅಂದುಕೊಂಡೆ.

ಮುಂದಿನ ಸುಗ್ಗಿಯಲ್ಲಿ ಬಳ್ಳಾರಿ ಕಡೆಯ ಒಬ್ಬ ಹಿರಿಯ ರೈತ 18 ಚೀಲ ಡಬ್ಬಿ, 7 ಚೀಲ ಕಡ್ಡಿ ತಂದಿದ್ದರು. ಒಂದೇ ಹೆಸರು, ಒಂದೇ ದಿನ, ಎರಡು ಸಾಲು, ಎರಡರಲ್ಲೂ ‘ಬ್ಯಾಡಗಿ…’. ರಾತ್ರಿಯಿಂದ ನಿದ್ದೆಯಿಲ್ಲದ ಗುಮಾಸ್ತ ಚೀಲದ ಲೆಕ್ಕ ಅದಲು ಬದಲು ಹಾಕಿದ. ಬಿಲ್ಲು ಬಂತು. ನಾನು ಅವತ್ತು ಅಂಗಡಿಯಲ್ಲೇ ಇದ್ದೆ. ಅವರು ಬಿಲ್ಲು ಹಿಡಿದು ಬೆಳಕಿನ ಕಡೆ ಹೋಗಿ ನಿಧಾನಕ್ಕೆ, ಬೆರಳಿಟ್ಟು ಓದಿದರು. ವಾಪಸ್ಸು ಬಂದು, ‘ಇದರಾಗ ಡಬ್ಬಿ ಏಳು ಚೀಲ ಅಂತ ಬರದೈತ್ರೀ. ನಾನು ತಂದಿದ್ದು ಹದಿನೆಂಟು’ ಅಂದರು. ಜಗಳವಿಲ್ಲ, ಕೂಗಾಟವಿಲ್ಲ. ಮಾವ ಚೀಟಿ ತೆಗೆದು ನೋಡಿ, ತಿದ್ದಿ, ಹೊಸ ಬಿಲ್ಲು ಕೊಟ್ಟರು.

ನನ್ನ ತಪ್ಪಿಗೆ ನಾಚಿಕೆಯಾಯಿತು, ಅದು ಸರಿ. ರಾತ್ರಿ ಮಲಗಿದಾಗ ಹೊಳೆದದ್ದು ಅದಕ್ಕಿಂತ ಕೆಟ್ಟದಾಗಿತ್ತು. ಅವರು ತಪ್ಪು ಹಿಡಿದದ್ದು ಬಿಲ್ಲು ಕನ್ನಡದಲ್ಲಿ ಇದ್ದುದರಿಂದ. ಹಿಂದಿನ ಹದಿನಾಲ್ಕು ವರ್ಷ ಇಂಗ್ಲಿಷ್ ಬಿಲ್ಲು ಕೊಟ್ಟಾಗ ಇಂಥ ತಪ್ಪು ಆಗಿರಲೇ ಇಲ್ಲವಾ? ಗುಮಾಸ್ತರು ಆಗಲೂ ನಿದ್ದೆಗೆಟ್ಟವರೇ. ಆಗ ಯಾರೂ ಬೆರಳಿಟ್ಟು ಓದಲಿಲ್ಲ, ಕೊನೆಯ ಸಂಖ್ಯೆ ನೋಡಿ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ‘ದೂರು ಬಂದಿಲ್ಲ’ ಅಂತ ನಾನು ಹೆಮ್ಮೆ ಪಟ್ಟುಕೊಂಡಿದ್ದೆ. ಎರಡು ದಿನ ಗುಂಡಿಯ ಎತ್ತರದ ಜೊತೆ ಒದ್ದಾಡೋದು ಬೇಸರ ಅಂತ ಇಂಗ್ಲಿಷ್ ಮಾಡಿದ್ದಕ್ಕೆ ಯಾರ್ಯಾರು ಏನೇನು ಕಳೆದುಕೊಂಡರೋ, ಆ ಲೆಕ್ಕ ಈಗ ತೆಗೆಯೋಕೆ ಆಗಲ್ಲ.

ಆ ಕಾಲಂ ಸರಿ ಮಾಡಿದ್ದು ಸುಲಭವಾಗಿತ್ತು. ಹದಿನಾಲ್ಕು ಪರದೆಯಲ್ಲಿ ಕೋಷ್ಟಕ ಇತ್ತು, ಎಲ್ಲವೂ ನಾನು ಬರೆದ ಒಂದೇ ಕ್ಲಾಸಿನ ಮಕ್ಕಳು. ತಾಯಿಯಲ್ಲಿ 70ರ ಸಾಲು ತೆಗೆದು, ಒಳಗಿನ ಬರಹದಷ್ಟು ಅಗಲ ಆಗು ಅಂತ ಹೇಳಿದೆ, ಹದಿನಾಲ್ಕೂ ಸರಿಹೋದವು. ವಿಬಿಯಲ್ಲಾಗಿದ್ದರೆ ಒಂದು ವಾರ.

ಇಷ್ಟಾದ ಮೇಲೂ ಬುದ್ಧಿ ಬಂತು ಅಂದುಕೊಂಡರೆ ತಪ್ಪು. ಒಂದು ದಿನ ಗುಮಾಸ್ತ ಫೋನ್ ಮಾಡಿದ. ‘ಅಣ್ಣಾ, ಮಷೀನು ರಾಣೆಬೆನ್ನೂರಿನ ‘ರು’ ತಗೊಳ್ಳಾಕ ಒಲ್ಲದು.’ ರೂಪಾಯಿ ವಿಷಯ ಅಂದುಕೊಂಡು ನಾನು ಹತ್ತು ನಿಮಿಷ ಬೇರೆಯೇ ಏನೋ ಹುಡುಕಿದೆ :-) ಆಮೇಲೆ ತಿಳೀತು. ತಾಲ್ಲೂಕಿನ ಹೆಸರು ಬರೆಯುವ ಪೆಟ್ಟಿಗೆಗೆ ಗರಿಷ್ಠ 10 ಅಕ್ಷರ ಅಂತ ಮಿತಿ ಹಾಕಿದ್ದೆ. ಯಾಕೆ 10? ಜಿಲ್ಲೆಯ ಎಂಟು ತಾಲ್ಲೂಕಿನ ಹೆಸರು ಇಂಗ್ಲಿಷಿನಲ್ಲಿ ಬರೆದು ಎಣಿಸಿದ್ದೆ, ಅತಿ ಉದ್ದದ್ದು 10. ಟೂಲ್‌ಕಿಟ್ಟು ಎಣಿಸೋದು ಯೂನಿಕೋಡ್ ಸಂಕೇತಗಳನ್ನ, ನಾವು ಬಾಯಲ್ಲಿ ಹೇಳುವ ಅಕ್ಷರಗಳನ್ನಲ್ಲ. ಹಾವೇರಿಗೆ ಆರು. ಬ್ಯಾಡಗಿಗೆ ಏಳು, ಯಾಕಂದ್ರೆ ‘ಬ್ಯಾ’ ಒಂದಕ್ಕೇ ನಾಲ್ಕು. ಹಿರೇಕೆರೂರು, ರಟ್ಟಿಹಳ್ಳಿ ಸರಿಯಾಗಿ ಹತ್ತು ಹತ್ತು, ಅಂಚಿನಲ್ಲಿ ಬದುಕಿಕೊಂಡವು. ರಾಣೆಬೆನ್ನೂರು ಹೇಳೋಕೆ ಐದು, ಎಣಿಸಿದರೆ ಹನ್ನೆರಡು. ಎಂಟರಲ್ಲಿ ಅದೊಂದೇ ಸಿಕ್ಕಿಬಿದ್ದದ್ದು. ‘ರಾಣೆಬೆನ್ನೂ’ ಅಂತ ಬಂದು ಕೀಲಿಮಣೆ ಸತ್ತ ಹಾಗೆ ನಿಂತುಬಿಡುತ್ತಿತ್ತು. ಪರೀಕ್ಷೆಗೆ ಅಂತ ನಾನು ಹೊಡೆದು ನೋಡಿದ್ದು ಹಾವೇರಿ, ಬ್ಯಾಡಗಿ ಎರಡೇ!

ಇಲ್ಲಿ ಟೂಲ್‌ಕಿಟ್ಟಿನ ಮೇಲೂ ನನಗೆ ಒಂದು ಸಿಟ್ಟಿದೆ. ಅಗಲ ಕೇಳಿದರೆ ಕನ್ನಡಕ್ಕೆ ತಕ್ಕ ಉತ್ತರ ಕೊಡೋದು, ಉದ್ದ ಎಣಿಸುವಾಗ ಮಾತ್ರ ಯಾಕೆ ಹೀಗೆ? ಒಂದು ಪೆಟ್ಟಿಗೆಯ ಮಿತಿ ಅಂದರೆ ಬಳಸುವವನ ಕಣ್ಣಿಗೆ ಕಾಣುವ ಅಕ್ಷರ ಆಗಬೇಕು. ಕ್ಯೂಟಿಯಲ್ಲೇ ಅಕ್ಷರದ ಗಡಿ ಹುಡುಕುವ ಬೇರೆ ಕ್ಲಾಸ್ ಇದೆ, ಅದನ್ನು ಕರೆದು ನಾವೇ ಎಣಿಸಿಕೊಳ್ಳಬೇಕು. ಎಷ್ಟು ಜನ ಎಣಿಸ್ತಾರೆ?

ಕೊನೆಗೆ ವಿಭಕ್ತಿ. ಗೇಟಿನ ಚೀಟಿಯಲ್ಲಿ ಚೀಲ ಎಲ್ಲಿಂದ ಬಂತು ಅಂತ ಬರಬೇಕು. ಅನುವಾದಕ್ಕೆ ಅಂತ ಟೂಲ್‌ಕಿಟ್ ಕೊಡೋದು ಖಾಲಿ ಜಾಗ ಬಿಟ್ಟ ವಾಕ್ಯ, ಅಲ್ಲಿ ಊರಿನ ಹೆಸರು ತುರುಕಬೇಕು. ಇಂಗ್ಲಿಷಿಗೆ ಮುಗೀತು. ನಮಗೆ ‘ಹಾವೇರಿ ಇಂದ’, ‘ರಾಣೆಬೆನ್ನೂರು ಇಂದ’ ಅಂತ ಬರುತ್ತೆ. ಎಷ್ಟೋ ಕಡೆ ಇದೇ ಕನ್ನಡ ನಡೀತಿದೆ, ಓದಿದರೆ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ನಾನು ಊರನ್ನೇ ಒಂದು ಆಬ್ಜೆಕ್ಟ್ ಮಾಡಿದೆ. ಲೇಬಲ್ ‘ನಿನ್ನ ಪಂಚಮಿ ಹೇಳು’ ಅಂತ ಕೇಳುತ್ತೆ, ಊರು ಹೇಳುತ್ತೆ. ಇ-ಕಾರದಲ್ಲಿ ಮುಗಿದರೆ ಹಾವೇರಿಯಿಂದ, ಬ್ಯಾಡಗಿಯಿಂದ. ಉ-ಕಾರವಾದರೆ ರಾಣೆಬೆನ್ನೂರಿನಿಂದ, ಸವಣೂರಿನಿಂದ. ಅ-ಕಾರವಾದರೆ ಧಾರವಾಡದಿಂದ. ಆದರೆ ಹಾನಗಲ್ಲ ಇದೆಯಲ್ಲ, ಅದು ‘ಹಾನಗಲ್ಲದಿಂದ’ ಅನ್ನಲ್ಲ, ‘ಹಾನಗಲ್ಲಿನಿಂದ’ ಅನ್ನುತ್ತೆ. ಅದಕ್ಕೆ ಅದರದ್ದೇ ಫಂಕ್ಷನ್ ಬರೆದುಕೊಟ್ಟೆ. ಕಾಲೇಜಿನಲ್ಲಿ ಪಾಲಿಮಾರ್ಫಿಸಂಗೆ ನಾಯಿ ಬೊಗಳುತ್ತೆ, ಬೆಕ್ಕು ಮಿಯಾವ್ ಅನ್ನುತ್ತೆ ಅಂತ ಉದಾಹರಣೆ ಕೊಡ್ತಿದ್ದರು. ನಮ್ಮ ಕಡೆ ಊರಿನ ಹೆಸರು ಕೊಟ್ಟು ಕಲಿಸಿದ್ದರೆ ಪರೀಕ್ಷೆಯಲ್ಲಿ ಇನ್ನೂ ನಾಲ್ಕು ಮಾರ್ಕ್ಸ್ ಬರ್ತಿತ್ತೇನೋ.

‘ಈಗ ಎಲ್ಲ ಮೊಬೈಲು, ವೆಬ್ಬು, ಡೆಸ್ಕ್‌ಟಾಪ್ ಯಾರಿಗೆ ಬೇಕು?’ ಅಂತ ಗೆಳೆಯನೊಬ್ಬ ಕೇಳಿದ. ಅವನ ಮೊಬೈಲ್ ಆ್ಯಪಿನಲ್ಲಿ ಭಾಷೆ ಕನ್ನಡ ಮಾಡಿ ತೋರಿಸಿದೆ. ಗುಂಡಿಯ ಮೇಲೆ ಒತ್ತಿಲ್ಲದ ‘ಒಟು ಮೊತ’ ಕುಳಿತಿತ್ತು.

ಮಾವನ ಅಂಗಡಿಯಲ್ಲಿ ಸದ್ಯ ಉಳಿದಿರುವ ತಲೆನೋವು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರ ಹೊಟ್ಟೆಯಲ್ಲಿ ಕನ್ನಡ ಫಾಂಟ್ ಇಲ್ಲ, ಹಾಗಾಗಿ ಇಡೀ ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. ಇಂಗ್ಲಿಷ್ ಬಿಲ್ಲಾದರೆ ಸರ್ರ್ ಅಂತ ಹೊಡೆದು ಬಿಸಾಕೋದು, ಕನ್ನಡದ್ದಾದರೆ ಕಿರ್ರೋ ಅಂತ ಒಂದೊಂದೇ ಗೆರೆ ಎಳೆಯುತ್ತೆ. ಸುಗ್ಗಿಯ ಸೋಮವಾರ ಸಾಲು ಬಾಗಿಲ ಆಚೆಗೆ ಹೋಗಿರುತ್ತೆ. ‘ಇದನ್ನ ಜಲ್ದಿ ಮಾಡಾಕ ಬರ್ತೈತೇನು, ಇಲ್ಲಂದ್ರ ಇಂಗ್ಲಿಷ್ ಮಾಡಲ್ಯಾ?’ ಅಂತ ಮಾವ ಕಳೆದ ವಾರ ಕೇಳಿದರು. ಒಂದು ವಾರ ಟೈಮ್ ಕೇಳಿದ್ದೀನಿ. ನಿಮ್ಮಲ್ಲಿ ಯಾರಾದರೂ ಡಾಟ್ ಮ್ಯಾಟ್ರಿಕ್ಸಿನಲ್ಲಿ ಯೂನಿಕೋಡ್ ಕನ್ನಡ ಬೇಗ ಹೊಡೆಸಿದವರು ಇದ್ದರೆ ದಯವಿಟ್ಟು ತಿಳಿಸಿ.