ಹಿಮ್ಮೇಳದ ಹಕ್ಕು

ಚರ್ಚಿನ ಹಾಡಿನ ಮಾತು ಬಂದರೆ ನಮ್ಮಲ್ಲಿ ಜಗಳ ಹಳತು-ಹೊಸತರ ಹತ್ತಿರ ಬಂದು ನಿಲ್ಲುತ್ತದೆ. ಹಿರಿಯರಿಗೆ ಗೀತಪುಸ್ತಕ ಬೇಕು, ಹುಡುಗರಿಗೆ ಕೀಬೋರ್ಡು ಮತ್ತು ಆಕ್ಟೋಪ್ಯಾಡು ಬೇಕು. ಈ ಜಗಳ ದೊಡ್ಡ ಊರುಗಳ ದೊಡ್ಡ ಚರ್ಚುಗಳಿಗೆ ಸರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸಭೆಗಳಿಗೆ ಅದು ಎರವಲು ಜಗಳ. ನಾಲ್ಕಾರು ಮನೆತನ ಸೇರಿದರೆ ಒಂದು ಸಭೆ. ಎಷ್ಟೋ ಕಡೆ ಮನೆಯ ಪಡಸಾಲೆಯೇ ದೇವಾಲಯ. ಅಷ್ಟು ಜನರ ನಡುವೆ ಕೇಳಬೇಕಾದದ್ದು ಬೇರೆ: ಮುಂದೆ ನಿಂತವನು ಬಾಯಿ ಮುಚ್ಚಿದರೆ ಹಾಡು ನಿಲ್ಲುತ್ತದೋ, ನಡೆಯುತ್ತದೋ? ನಿಲ್ಲುವುದಾದರೆ ಅಲ್ಲಿ ನಡೆದಿದ್ದು ಕಛೇರಿ. ಹಾಡು ಹಳೆಯದಿರಲಿ ಹೊಸದಿರಲಿ, ನನ್ನ ಮಟ್ಟಿಗೆ ಆರಿಸುವಾಗಲೂ ನಡೆಸುವಾಗಲೂ ಹಿಡಿಯಬೇಕಾದ ಅಳತೆ ಇದೊಂದೇ.

ಕೂಡಿ ಹಾಡುವುದನ್ನು ಈ ಸೀಮೆಗೆ ಮಿಷನರಿಗಳು ಕಲಿಸಬೇಕಾಗಿರಲಿಲ್ಲ. ಭಜನೆಯಲ್ಲಿ ಒಬ್ಬ ನುಡಿ ಹೇಳುತ್ತಾನೆ, ಉಳಿದವರು ತಾಳ ಹಿಡಿದು ಪಲ್ಲ ಎತ್ತಿಕೊಳ್ಳುತ್ತಾರೆ. ಮೊಹರಮ್ಮಿನ ರಿವಾಯತ್ ಮೇಳದ ಕಟ್ಟೂ ಅದೇ, ಜೊತೆಗೆ ಹೆಜ್ಜೆ ಬೇರೆ. ಕಡಕೋಳ ಮಡಿವಾಳಪ್ಪನ ತತ್ವಪದಗಳು ಅಕ್ಷರ ಬಾರದವರ ಬಾಯಲ್ಲಿ ಉಳಿದದ್ದು ಹೀಗೆ ಎತ್ತಿಕೊಂಡು ಹಾಡಿದ್ದರಿಂದ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿರುವ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಕಟ್ಟಿಕೊಂಡಿದ್ದ ಲೋಕ ಮೊದಲ ಸಲ ಓದುಗರ ಕೈಗೆ ಬಂತು. ಈ ಯಾವ ಹಾಡಿಗೂ ‘ಕೇಳುಗರು’ ಎಂಬ ಬೇರೆ ಜಾತಿಯಿಲ್ಲ. ಅಲ್ಲಿದ್ದವರೆಲ್ಲ ಹಾಡುವವರೇ.

ಚರ್ಚಿನ ಹಾಡು ಬಂದದ್ದು ಬೇರೆ ದಾರಿಯಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಯೂರಿ ವಿಜಯಪುರಕ್ಕೂ ಹಬ್ಬಿತು. ಬೈಬಲ್ಲು, ಶಾಲೆ, ಮಗ್ಗದ ಜೊತೆಗೆ ಜರ್ಮನ್ ಸಭೆಗಳ ಕೋರಾಲ್ ಮಟ್ಟುಗಳೂ ಬಂದವು. ಆ ಮಟ್ಟುಗಳಲ್ಲಿ ಹಲವು ಹಗುರ ಪೆಟ್ಟಿನಿಂದ ಶುರುವಾಗುತ್ತವೆ, ಭಾರ ಬೀಳುವುದು ಎರಡನೆಯ ಸ್ವರಕ್ಕೆ. ಕನ್ನಡದ ಮಾತು ಮೊದಲ ಅಕ್ಷರಕ್ಕೇ ಊರಿ ನಿಲ್ಲುವಂಥದ್ದು. ‘ದೇವರು’ ಎಂಬುದನ್ನು ಅದರಲ್ಲಿ ಕೂರಿಸಿದರೆ ‘ದೇ’ ಹಾರಿಹೋಗಿ ‘ವ’ಕ್ಕೆ ಪೆಟ್ಟು ಬೀಳುತ್ತದೆ. ‘ಕರುಣೆ’ ಮೂರೂ ಲಘು. ನಿಧಾನದ ಮಟ್ಟಿಗೆ ಸಿಕ್ಕರೆ ‘ಕಾರೂಣೇ’ ಆಗುತ್ತದೆ. ಮಿಷನರಿಗಳಲ್ಲೇ ಕೆಲವರಿಗೆ ಇದು ಗೊತ್ತಿತ್ತು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿಕೊಟ್ಟ ಕಿಟ್ಟೆಲ್, ಅದಕ್ಕೂ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ನಮ್ಮ ಪದ್ಯದ ಧಾಟಿಯಲ್ಲೇ ‘ಕಥಾಮಾಲೆ’ಯಾಗಿ ಬರೆದಿದ್ದರು. ಇಂಡಿಯಿಂದ ಭೀಮಾ ದಾಟಿದರೆ ಸಿಗುವ ಮರಾಠಿ ಸಭೆಗಳಿಗೆ ನಾರಾಯಣ ವಾಮನ ಟಿಳಕರು (1861–1919) ಅಭಂಗ, ಓವಿಗಳ ಧಾಟಿಯಲ್ಲಿ ಹಾಡು ಕಟ್ಟಿಕೊಟ್ಟರು. ಅವರಂಥ ಒಬ್ಬ ಕವಿ ನಮ್ಮ ಸಭೆಗಳಿಗೆ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದ್ದಿದೆ.

ಆದರೆ ಕೋರಾಲ್ ಪರಕೀಯ, ಭಜನೆ ಸ್ವಕೀಯ ಎಂದು ತೀರ್ಪು ಕೊಟ್ಟು ಏಳುವುದು ಸುಲಭದ ಮಾತು. ಮಣ್ಣಿಗೆ ಹೋದಾಗ ಆ ಹಳೆಯ ಮಟ್ಟುಗಳಲ್ಲೊಂದನ್ನು ಎತ್ತಿ ನೋಡಿ. ಕನ್ನಡಕ ಮರೆತು ಬಂದ ಅಜ್ಜಿಯೂ ಪುಸ್ತಕವಿಲ್ಲದೆ ಕಡೆಯ ಚರಣದವರೆಗೆ ಹಾಡುತ್ತಾಳೆ. ತಲೆಮಾರುಗಳ ಮದುವೆ, ಸಾವು, ದೀಕ್ಷಾಸ್ನಾನಗಳನ್ನು ಕಂಡ ಮಟ್ಟು ಅದು. ಒತ್ತು ಎಲ್ಲಿ ಬಿದ್ದರೂ ಅವಳಿಗೆ ಅದು ತವರಿನದೇ. ನನ್ನ ಅಳತೆಯಲ್ಲಿ ಅದು ಪಾಸು.

ಸ್ವಕೀಯ ಎನ್ನುವಾಗಲೂ ಯಾರ ಸ್ವಕೀಯ ಎಂದು ಕೇಳಬೇಕು. ಈ ಭಾಗದ ಸಭೆಗಳಲ್ಲಿ ಅನೇಕ ಕುಟುಂಬಗಳು ಬಂದದ್ದು ದಲಿತ ಕೇರಿಗಳಿಂದ. ಊರ ಭಜನೆ ನಡೆಯುವ ಗುಡಿಯ ಕಟ್ಟೆ ಅವರ ಅಜ್ಜಂದಿರಿಗೆ ತೆರೆದಿರಲಿಲ್ಲ. ಅವರ ಕೈಗೆ ಊರು ಕೊಟ್ಟಿದ್ದು ಹಲಗೆ: ಹೆಣದ ಮುಂದೆ ಬಡಿ, ಡಂಗುರ ಸಾರು. ಅಂಥವರಿಗೆ ಪರದೇಶದ ಮಟ್ಟು ಹಿಡಿಸಿದ್ದರಲ್ಲಿ ಆಶ್ಚರ್ಯವೇನು? ಅದರ ಮೇಲೆ ಊರಿನ ಯಾವ ಜಾತಿಯ ಹೆಸರೂ ಇರಲಿಲ್ಲ. ಇವತ್ತು ಯಾರೋ ಓದಿದವರು ಬಂದು ‘ನಿಮ್ಮ ಮೂಲ ವಾದ್ಯ ಹಲಗೆಯನ್ನು ಆರಾಧನೆಗೆ ತನ್ನಿ’ ಎಂದಾಗ ಸಭೆಯ ಹಿರಿಯನೊಬ್ಬ ಮುಖ ತಿರುಗಿಸಿದರೆ ಅವನನ್ನು ಹಳಬ ಎನ್ನಲಾಗದು. ಅವನ ಮೊಮ್ಮಗ ಅದೇ ಹಲಗೆಯನ್ನು ಎದೆಯುಬ್ಬಿಸಿ ಬಡಿಯಲು ಸಿದ್ಧನಿರಬಹುದು, ಅದೂ ನ್ಯಾಯವೇ. ಮದುರೈಯ ದೇವಶಾಸ್ತ್ರ ವಿದ್ಯಾಲಯದಲ್ಲಿ ಕಲಿಸುತ್ತಿದ್ದ ತಿಯೋಫಿಲಸ್ ಅಪ್ಪಾವು, ತಮಿಳು ಚರ್ಚಿನ ಕರ್ನಾಟಕ ಶೈಲಿಯ ಕೀರ್ತನೆಗಳನ್ನು ಮೇಲ್ಜಾತಿಯ ಗತ್ತು ಎಂದು ಕಂಡು, ಜನಪದ ಧಾಟಿಯಲ್ಲೇ ಆರಾಧನೆ ಕಟ್ಟಿದರು. ಅವರ ವಾದ ನಮಗೂ ಹತ್ತಿರದ್ದು. ಒಂದು ಷರತ್ತು ಮಾತ್ರ: ಹಲಗೆ ಒಳಗೆ ಬರಬೇಕೋ ಬೇಡವೋ ಎಂಬುದನ್ನು ಅದನ್ನು ಬಡಿಯಬೇಕಾಗಿದ್ದ ಮನೆಗಳು ತೀರ್ಮಾನಿಸಬೇಕು, ಸೆಮಿನಾರಿನಲ್ಲಿ ಕುಳಿತವರಲ್ಲ.

ಈಗಿನ ತೊಡಕು ಜರ್ಮನಿಯದೂ ಅಲ್ಲ, ಗುಡಿಯದೂ ಅಲ್ಲ, ಮೊಬೈಲಿನದು. ತೆಲುಗು ಹಾಡು, ಹಿಂದಿ ಹಾಡು, ಅವುಗಳ ಕನ್ನಡ ರೂಪ, ಜೊತೆಗೆ ಸಿದ್ಧ ಟ್ರ್ಯಾಕು. ಶನಿವಾರ ರಾತ್ರಿ ಡೌನ್‌ಲೋಡು, ಭಾನುವಾರ ಆರಾಧನೆ. ಎರಡನೆಯ ಚರಣ ಮೇಲೇರುತ್ತಿದ್ದಂತೆ ಹೆಣ್ಣುಮಕ್ಕಳ ಸಾಲು ಸುಮ್ಮನಾಗುತ್ತದೆ. ಗಂಡಸರು ತುಟಿ ಆಡಿಸುತ್ತಾರೆ. ಮುಗಿದ ಮೇಲೆ ಯಾರಾದರೂ ಅಕ್ಕ ಕೀಬೋರ್ಡಿನ ಹುಡುಗನಿಗೆ ಹೇಳುವುದುಂಟು: “ತಮ್ಮಾ, ಸ್ವಲ್ಪ ಕೆಳಗ ಹಿಡಿಯೋ, ನಮಗ ಅಷ್ಟು ಏರೂದಿಲ್ಲ.” ಅವನ ಉತ್ತರವೂ ಸಿದ್ಧ: “ಟ್ರ್ಯಾಕ್ ಇರೂದ ಅಷ್ಟರಾಗ ರೀ ಅಕ್ಕಾರ.”

ಆ ಟ್ರ್ಯಾಕು ಸ್ಟುಡಿಯೋದಲ್ಲಿ ಒಬ್ಬ ತಯಾರಾದ ಗಾಯಕನ ಕೊರಳಿಗೆ ಹೊಲಿದ ಅಂಗಿ. ಸಭೆಯ ಕೊರಳು ಬೇರೆ. ಅಭ್ಯಾಸವಿಲ್ಲದ ಗಂಡು-ಹೆಣ್ಣು ಕೂಡಿ ಹಾಡುವಾಗ ಕೆಳಗಿನ ಪಂಚಮದಿಂದ ಮೇಲಿನ ಷಡ್ಜದವರೆಗೆ, ಹೆಚ್ಚೆಂದರೆ ಒಂದು ಸ್ವರ ಆಚೆಗೆ, ಆರಾಮಾಗಿ ಹೋಗಬಹುದು. ಪೇಟಿಯ ಮೇಲೆ ಬಿಳಿ ಒಂದನ್ನೋ ಕರಿ ಒಂದನ್ನೋ ಷಡ್ಜ ಮಾಡಿಕೊಂಡರೆ ಎಲ್ಲರೂ ಒಳಗೆ ಬರುತ್ತಾರೆ. ಹಾಡು ಮೇಲಿನ ಪಂಚಮಕ್ಕೆ ಜಿಗಿಯುವುದಾದರೆ, ಶ್ರುತಿ ಇಳಿಸಿದರೆ ಕೆಳಗಿನ ಸ್ವರಗಳು ಹೂತುಹೋಗುತ್ತವೆ, ಏರಿಸಿದರೆ ಮೇಲಿನವು ಹರಿಯುತ್ತವೆ. ಅದು ಒಬ್ಬರೇ ಹಾಡಬೇಕಾದ ಹಾಡು. ಕ್ರಿಸ್ಮಸ್ಸಿಗೆ ಗಾಯನ ತಂಡ ಅದನ್ನು ಹಾಡಲಿ, ಉಳಿದವರು ಕೇಳಿ ಸಂತೋಷಪಡಲಿ. ನಡುನಡುವಿನ ಉದ್ದನೆಯ ವಾದ್ಯದ ತುಣುಕುಗಳದು ಇನ್ನೊಂದು ಕಾಟ: ಮತ್ತೆ ಯಾವಾಗ ಬಾಯಿ ತೆರೆಯಬೇಕೆಂದು ಜನಕ್ಕೆ ತಿಳಿಯುವುದೇ ಇಲ್ಲ.

ವಸ್ತುವಿನ ವಿಷಯಕ್ಕೆ ಬಂದರೆ, ಆಮದು ಹಾಡುಗಳಲ್ಲಿ ಬಹುಪಾಲು ಜಯದ ಹಾಡುಗಳು. ಗೆದ್ದೆವು, ಹಾರಿದೆವು, ಕುಣಿದೆವು. ಮಳೆ ಕೈಕೊಟ್ಟ ವರ್ಷ ತೊಗರಿ ಒಣಗಿ, ಅರ್ಧ ಸಭೆ ಗುಳೆ ಎದ್ದು ಪುಣೆಗೋ ಗೋವಾಕ್ಕೋ ಹೋಗಿರುವಾಗ, ಉಳಿದ ಮುದುಕರು ಮತ್ತು ಮಕ್ಕಳು ನಿಂತು ಏನು ಹಾಡಬೇಕು? ಬೈಬಲ್ಲಿನ 150 ಕೀರ್ತನೆಗಳಲ್ಲಿ ಗೋಳಿನ ಹಾಡುಗಳದೇ ದೊಡ್ಡ ಪಾಲು. ದೇವರ ಮೇಲೆ ಸಿಟ್ಟಾಗುವವೂ ಇವೆ. ನಮ್ಮ ಭಾನುವಾರದ ಪಟ್ಟಿಯಲ್ಲಿ ಅವುಗಳ ಸುಳಿವಿಲ್ಲ. ದುಃಖ ಹೇಳಿಕೊಳ್ಳಲು ಈ ಸೀಮೆಯ ಹೆಣ್ಣುಮಕ್ಕಳ ಹತ್ತಿರ ತ್ರಿಪದಿ ಇದೆ: ಒಬ್ಬಳು ಹೇಳುತ್ತಾಳೆ, ಎದುರಿನವಳು ಎತ್ತಿಕೊಳ್ಳುತ್ತಾಳೆ, ಮೂರು ಸಾಲಿಗೆ ಉಸಿರು ಮುಗಿಯುತ್ತದೆ. ಇದು ಚರ್ಚಿಗೆ ಅಪರಿಚಿತವೂ ಅಲ್ಲ. ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಭಾಪಾಲಕರೇ. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಶುಭ ಶುಕ್ರವಾರ ಶಿಲುಬೆಯ ಕಥೆಯನ್ನು ತ್ರಿಪದಿಯಲ್ಲಿ ಕಟ್ಟಿ, ಹೆಣ್ಣುಮಕ್ಕಳ ಎರಡು ಸಾಲು ಎದುರುಬದುರು ಕುಳಿತು ಹಾಡಿದರೆ ಯಾವ ಟ್ರ್ಯಾಕೂ ಬೇಡ.

ಜನಕ್ಕೆ ಹಿಡಿಸಿದ್ದೇ ಪ್ರಮಾಣವಾದರೆ ಹಾಡಿನ ಸುಖವೇ ಭಕ್ತಿಯಾಗಿಬಿಡುವುದಿಲ್ಲವೇ ಎಂದು ಕೇಳಬಹುದು. ಅಗಸ್ಟೀನನನ್ನೇ ಕಾಡಿದ ಸಂಶಯ ಅದು: ಅರ್ಥಕ್ಕಿಂತ ರಾಗವೇ ತನ್ನನ್ನು ಕರಗಿಸಿದಾಗ ತಾನು ತಪ್ಪಿತಸ್ಥ ಎಂದು ಅವನು ಬರೆದುಕೊಂಡಿದ್ದಾನೆ, ಆದರೂ ಹಾಡನ್ನು ಬಿಡಲಿಲ್ಲ. ನಾನು ಹೇಳುತ್ತಿರುವುದು ಜನಕ್ಕೆ ಹಿಡಿಸುವ ಹಾಡಿನ ಮಾತಲ್ಲ, ಜನರ ಬಾಯಿಗೆ ಬರುವ ಹಾಡಿನ ಮಾತು. ಎರಡಕ್ಕೂ ಅಂತರವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಆರಾಧನಾ ವಿಧಿಯ ದಸ್ತಾವೇಜಿನಲ್ಲಿ ಭಕ್ತಜನರ ಸಕ್ರಿಯ ಭಾಗವಹಿಕೆಯನ್ನು ಎಲ್ಲಕ್ಕಿಂತ ಮುಂದೆ ಇಟ್ಟಿತು. ಫಾದರುಗಳ ಸಭೆಗೂ ಪಾಸ್ಟರುಗಳ ಸಭೆಗೂ ಇದರಲ್ಲಿ ಭೇದವಿರಬೇಕಿಲ್ಲ.

ಹಾಗಾಗಿ ಪಟ್ಟಿ ಮಾಡುವ ಕೆಲಸ ಕೀಬೋರ್ಡಿನ ಹುಡುಗನೊಬ್ಬನದೇ ಆಗಬಾರದು. ಮಾತು ಸರಿಯೋ ಎಂದು ಪಾಸ್ಟರು ನೋಡಲಿ. ಶ್ರುತಿ ಸರಿಯೋ ಎಂದು ಹೆಣ್ಣುಮಕ್ಕಳ ಸಾಲಿನ ಒಬ್ಬ ಹಿರಿಯ ಅಕ್ಕ ಹೇಳಲಿ, ಅವಳ ಮಾತೇ ಕಡೆಯದಾಗಲಿ. ಹೊಸ ಹಾಡು ತಿಂಗಳಿಗೊಂದು ಸಾಕು. ಅದನ್ನೂ ವಾದ್ಯವಿಲ್ಲದೆ ಸಾಲುಸಾಲಾಗಿ ಹೇಳಿಕೊಟ್ಟು, ನಾಲ್ಕು ವಾರ ಬಿಡದೆ ಹಾಡಿಸಲಿ. ಐದನೆಯ ವಾರ ಹುಡುಗ ಪಲ್ಲವಿಯ ಮೊದಲ ಮಾತಷ್ಟೇ ಹೇಳಿ ಬಿಡಲಿ. ಸಭೆ ಎತ್ತಿಕೊಳ್ಳದಿದ್ದರೆ ಆ ಹಾಡನ್ನು ಕೈಬಿಟ್ಟು ಬೇರೆ ಹುಡುಕಬೇಕು, ಅದಕ್ಕೆ ಅವನು ಎಷ್ಟೇ ರಾತ್ರಿ ನಿದ್ದೆಗೆಟ್ಟಿದ್ದರೂ.